ಪಾಸು-ಟಿಕೀಟು ಮೀಮಾಂಸೆ: ಅವಳಿ ನಗರ ಭಾಷ್ಯ

ಗ್ರಂಥಾರಂಭದಲ್ಲಿ ಅನುಬಂಧ ಚತುಷ್ಟಯ ಹೇಳದವನನ್ನು ಪಂಡಿತರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ. ಈ ಶಾಸ್ತ್ರದ ವಿಷಯ: ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡಾಡುವ ಜೀವಾತ್ಮನು ತಿಂಗಳಿಗೊಮ್ಮೆ ಪಾಸು ಮಾಡಿಸಬೇಕೋ, ದಿನಾ ಟಿಕೀಟು ತೆಗೆಯಬೇಕೋ. ಅಧಿಕಾರಿ: ಒಂದೂರಲ್ಲಿ ಮನೆ, ಇನ್ನೊಂದೂರಲ್ಲಿ ನೌಕರಿ ಇರುವ ಯಾವನೇ ಮುಮುಕ್ಷು. ಸಂಬಂಧ: ಪ್ರಯಾಣಿಕನಿಗೂ ಕಂಡಕ್ಟರನಿಗೂ ಇರುವಂಥದು, ಅಂದರೆ ಚಿಲ್ಲರೆಯದು. ಪ್ರಯೋಜನ: ತಿಂಗಳ ಕೊನೆಗೆ ಉಳಿಯುವ ರೊಕ್ಕ, ಉಳಿಯದಿದ್ದರೆ ಜ್ಞಾನ.

ಈ ಪ್ರಶ್ನೆ ಹುಟ್ಟಿದ್ದೇ ನಮ್ಮ ಸಿಬಿಟಿ ಬಸ್ ನಿಲ್ದಾಣದಲ್ಲಿ ಎಂದು ಊರಭಿಮಾನಿಗಳು ವಾದಿಸುತ್ತಾರೆ. ಆದರೆ ಅಮೆರಿಕದ ಹಿಮಗುಡ್ಡಗಳಲ್ಲಿ ಇದರದೊಂದು ಪಾಶ್ಚಾತ್ಯ ಶಾಖೆ ಇರುವುದನ್ನು ಪ್ರಾಮಾಣಿಕ ವಿದ್ವಾಂಸ ಮುಚ್ಚಿಡಬಾರದು. ಅಲ್ಲಿಯ ಜನ ಕಾಲಿಗೆ ಹಲಗೆ ಕಟ್ಟಿಕೊಂಡು ಗುಡ್ಡದಿಂದ ಜಾರುತ್ತಾರೆ. ಜಾರಬೇಕೆಂದರೆ ಮೊದಲು ಮೇಲೆ ಹೋಗಬೇಕು. ಅದಕ್ಕೆ ಲಿಫ್ಟು, ಲಿಫ್ಟಿಗೆ ಟಿಕೀಟು. 2008ರಲ್ಲಿ ವೇಲ್ ರಿಸಾರ್ಟ್ಸ್ ಕಂಪನಿಯು ಎಪಿಕ್ ಪಾಸ್ ಎಂಬುದನ್ನು ತಂದು, ಒಂದೇ ಪಾಸಿಗೆ ಹಲವು ಗುಡ್ಡ ಎಂದು ಸಾರಿತು. 2018ರಲ್ಲಿ ಎದುರು ಬಣದವರು ಐಕಾನ್ ಪಾಸ್ ಹೊರಡಿಸಿದರು. ಒಂದರ ಪಾಸು ಇನ್ನೊಂದರ ಗುಡ್ಡಕ್ಕೆ ಸಾಮಾನ್ಯವಾಗಿ ನಡೆಯದು. ಪಾಸಿನ ಆಸೆ ಹೆಚ್ಚಲೆಂದು ಬಿಡಿ ಟಿಕೀಟಿನ ಬೆಲೆ ಏರಿಸುತ್ತ ಹೋದರು. ಹಾಗೇ ಗುಡ್ಡದ ಬುಡಕ್ಕೆ ಹೋಗಿ ನಿಂತವನಿಗೆ ಈಗ ವೇಲ್‌ನಲ್ಲಿ ಬಿರುಸಿನ ಸೀಜನ್ನಿನ ಒಂದು ದಿನದ ಟಿಕೀಟು 300 ಡಾಲರ್ ದಾಟುತ್ತದೆ. ಪಾಸಿನ ಮಾರಾಟವೋ ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಬಂದ್. ಅಂದರೆ ಹಿಮ ಬೀಳುವ ಮೊದಲೇ ರೊಕ್ಕ ಬಿದ್ದಿರುತ್ತದೆ. ಹಿಮ ಕೈಕೊಟ್ಟರೆ ಚಿಂತೆ ಗಿರಾಕಿಯದು. ಇದನ್ನು ಕಂಡುಹಿಡಿದವನು ಯಾವುದೋ ಕಾಲದಲ್ಲಿ ದುರ್ಗದಬೈಲಿನಲ್ಲಿ ಅಂಗಡಿ ಇಟ್ಟಿದ್ದವನೇ ಇರಬೇಕೆಂಬುದು ನನ್ನ ಗುಮಾನಿ.

ಹುಬ್ಬಳ್ಳಿ-ಧಾರವಾಡದಲ್ಲಿ ಹಿಮ ಎಲ್ಲೈತ್ರಿ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಹಿಮ ಗೌಣ, ಇಳಿಜಾರು ಪ್ರಧಾನ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹುಬ್ಬಳ್ಳಿ ಸುಮಾರು 670. ನಡುವಿನ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಎಂಬತ್ತು ಮೀಟರಿನ ಇಳಿತ. ಕಾಶ್ಮೀರದ ಗುಲ್ಮಾರ್ಗದಲ್ಲಿ ಗೊಂಡೊಲಾ ಸುಮಾರು 2,650 ಮೀಟರಿನಿಂದ ಹೊರಟು ಅಫರ್ವತ್ ಬೆಟ್ಟದ ಮೇಲೆ 3,980ರ ತನಕ ಏರುತ್ತದೆಂದು ಹೇಳಿ ನಮ್ಮನ್ನು ಹೀಯಾಳಿಸುವವರು, ಅಲ್ಲಿಯೂ ಹಂತಕ್ಕೊಂದು ಟಿಕೀಟು ಎಂಬುದನ್ನು ಮರೆಯಬಾರದು. ನಮ್ಮ ಬಸ್ಸಿನಲ್ಲಿ ಅದಕ್ಕೇ ಸ್ಟೇಜು ಎನ್ನುವುದು. ಆದಕಾರಣ ಮುಂಜಾನೆ ಹುಬ್ಬಳ್ಳಿಯಿಂದ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೊರಟ ವಕೀಲರ ಗುಮಾಸ್ತ ಶಾಸ್ತ್ರದೃಷ್ಟಿಯಿಂದ ಲಿಫ್ಟು ಹತ್ತಿದವನೇ. ಸಂಜೆ ಜಾರುತ್ತಾನೆ. ಧಾರವಾಡದ ಮಳೆಗಾಲದಲ್ಲಿ ಅಕ್ಷರಶಃ.

ಇನ್ನು ತತ್ತ್ವ. 1962ರಲ್ಲಿ ಎರಡೂ ಊರು ಕೂಡಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದ್ದು ಶುದ್ಧ ಅದ್ವೈತ. ಎರಡಾಗಿ ಕಾಣುವುದು ಮಾಯೆ. ಸಿದ್ಧಾರೂಢರ ಊರಿಗೆ ಒಪ್ಪುವ ಮಾತೇ ಇದು. ಆದರೆ ಮಾಯೆಗೆ ನವಲೂರು, ಸತ್ತೂರು, ರಾಯಾಪುರ, ಉಣಕಲ್ ಎಂಬ ಸ್ಟೇಜುಗಳಿದ್ದು, ಪ್ರತಿಯೊಂದಕ್ಕೂ ದರ ನಿಗದಿಯಾಗಿರುವುದು ಹಿಂದಿನ ಭಾಷ್ಯಕಾರರಿಗೆ ಎದುರಾಗದಿದ್ದ ತೊಡಕು. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಬೇರೆಯದೇ ಮಹಾನಗರ ಪಾಲಿಕೆ ಆಗಲೆಂದು ಒಪ್ಪಿದಾಗ ದ್ವೈತಿಗಳು ಲೈನ್ ಬಜಾರಿನಲ್ಲಿ ಪೇಢೆ ಕೊಂಡಿರಲೇಬೇಕು. ಈ ಜಗಳವನ್ನು ಬಸ್ಸಿನೊಳಗೆ ತಂದರೆ ಹೀಗಾಗುತ್ತದೆ: ಪಾಸು ಅದ್ವೈತ, ಅದಕ್ಕೆ ಹೋಗುವುದೂ ಬರುವುದೂ ಒಂದೇ. ಟಿಕೀಟು ದ್ವೈತ, ಹೋಗುವುದು ಬೇರೆ, ಬರುವುದು ಬೇರೆ, ಭೇದ ನಿತ್ಯ, ಕಂಡಕ್ಟರ್ ಸತ್ಯ. ರೊಕ್ಕ ತುಂಬಿಸಿ ಗೇಟಿಗೆ ತಾಗಿಸುವ ಸ್ಮಾರ್ಟ್ ಕಾರ್ಡು ವಿಶಿಷ್ಟಾದ್ವೈತ. ಕಾರ್ಡು ಒಂದೇ, ಕಡಿತ ಮಾತ್ರ ಪ್ರತಿ ಸಲವೂ ನಿಜ.

ವಾಹನಭೇದವನ್ನು ಸಂಕ್ಷೇಪವಾಗಿ ಹೇಳಬೇಕು. 1997ರ ನವೆಂಬರ್ 1ರಂದು ಹುಬ್ಬಳ್ಳಿಯನ್ನೇ ಕೇಂದ್ರ ಮಾಡಿಕೊಂಡು ಹುಟ್ಟಿದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು ಒಂದು. ಕವಿಯ ಹೆಸರು ಹೊತ್ತ ಬೇಂದ್ರೆ ನಗರ ಸಾರಿಗೆಯ ಖಾಸಗಿ ಬಸ್ಸುಗಳು ಇನ್ನೊಂದು. ಎರಡೂ ಒಂದೇ ರಸ್ತೆಯಲ್ಲಿ ಒಂದರ ಹಿಂದೊಂದು ಓಡಿದ ಕಾಲದಲ್ಲಿ ಬೆಳೆದವರಿಗೆ ಎಪಿಕ್-ಐಕಾನ್ ಕಲಹ ಹೊಸದೇನಲ್ಲ. ಕಿಸೆಯಲ್ಲಿ ನಿಗಮದ ಪಾಸು, ಎದುರಿಗೆ ಬಂದು ನಿಂತದ್ದು ಬೇಂದ್ರೆ ಬಸ್ಸು. ಪಾಸಿನ ಮಾನ ಕಾಯಲು ನಿಲ್ಲಬೇಕೋ, ಹೊತ್ತಿನ ಮಾನ ಕಾಯಲು ಹತ್ತಬೇಕೋ? ಈ ಧರ್ಮಸಂಕಟಕ್ಕೆ ಮಹಾಭಾರತದಲ್ಲಿ ಹುಡುಕಿದರೂ ಉತ್ತರವಿಲ್ಲ. ಹತ್ತಿದವರೇ ಹೆಚ್ಚು.

ಮೂರನೆಯದು ಚಿಗರಿ ಬಸ್ಸು. ನಡುರಸ್ತೆಯಲ್ಲಿ ತನ್ನದೇ ಹಾದಿ, ತನ್ನದೇ ನಿಲ್ದಾಣ, ಒಳಗೆ ಏಸಿ. 22.25 ಕಿಲೋಮೀಟರಿನ ಈ ಬಿಆರ್‌ಟಿಎಸ್ ಮಾರ್ಗದಲ್ಲಿ 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಓಡಾಟ ಶುರುವಾಯಿತು. ನಾಲ್ಕನೆಯದು ರೈಲು. ಅದರ ಸೀಜನ್ ಟಿಕೀಟಿನ ಕಥೆ ಬಲು ಸ್ವಾರಸ್ಯ. ಎರಡನೇ ದರ್ಜೆಯಲ್ಲಿ ತಿಂಗಳ ಸೀಜನ್ನಿಗೆ ಸ್ಥೂಲವಾಗಿ 15 ಒಂಟಿ ಪ್ರಯಾಣಗಳ ದರ, ಮೂರು ತಿಂಗಳಿನದಕ್ಕೆ ಅದರ 2.7 ಪಟ್ಟು. ಹೋಗಿ ಬರುವುದೆಂದರೆ ಎರಡು ಪ್ರಯಾಣ, ಹಾಗಾಗಿ ಎಂಟನೆಯ ದಿನಕ್ಕೆ ಅಸಲು ಕೈಗೆ ಬಂತು. ಭಾನುವಾರ, ಎರಡನೇ-ನಾಲ್ಕನೇ ಶನಿವಾರ ಕಳೆದರೂ ಸರಕಾರಿ ನೌಕರನಿಗೆ ತಿಂಗಳಲ್ಲಿ ಇಪ್ಪತ್ತನಾಲ್ಕು ದಿನ ಉಳಿಯುತ್ತವೆ. ಉಳಿದ ಹದಿನಾರು ದಿನ ರೈಲ್ವೆ ಇಲಾಖೆ ಅವನನ್ನು ಪುಕ್ಕಟೆ ಹೊತ್ತು ತಿರುಗುತ್ತದೆ. ಜಗತ್ತಿನ ಯಾವ ಹಿಮಗುಡ್ಡದವನೂ ಇಷ್ಟು ಅಗ್ಗದಲ್ಲಿ ಮನುಷ್ಯನನ್ನು ಏರಿಸಿಲ್ಲ. ಮೇಲಾಗಿ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ಜಗತ್ತಿನಲ್ಲೇ ಉದ್ದವಾದದ್ದೆಂದು 2023ರ ಮಾರ್ಚ್ 12ರಂದು ಪ್ರಧಾನಿಯವರೇ ಲೋಕಾರ್ಪಣೆ ಮಾಡಿದ್ದಾರೆ. ಸೀಜನ್ನಿನವರಿಗೆ ಒಂದೂವರೆ ಕಿಲೋಮೀಟರ್ ವಾಯುವಿಹಾರ ಉಚಿತ. ಐಕಾನ್ ಪಾಸಿನ ಅಗ್ಗದ ಬಗೆಯಲ್ಲಿ ಹಬ್ಬದ ರಜೆಗಳಿಗೆ ಹಲವು ಗುಡ್ಡಗಳಲ್ಲಿ ಪ್ರವೇಶವಿಲ್ಲವಂತೆ. ನಮ್ಮ ಸೀಜನ್ನಿಗೆ ಹಬ್ಬದ ದಿನ ಅಡ್ಡಿಯಿಲ್ಲ, ಆದರೆ ರಿಸರ್ವ್ ಡಬ್ಬಿ ಹತ್ತುವಂತಿಲ್ಲ, ಧಾರವಾಡದಿಂದ ಬೆಂಗಳೂರಿಗೆ ಹೊರಡುವ ವಂದೇ ಭಾರತ್ ಕಡೆ ಕಣ್ಣೆತ್ತಿಯೂ ನೋಡುವಂತಿಲ್ಲ. ಅದೇನೋ ಸರಿ, ಆದರೆ ರೈಲು ತನ್ನ ಹೊತ್ತಿಗೆ ಹೋಗುತ್ತದೆ, ನಮ್ಮ ಹೊತ್ತಿಗಲ್ಲ. ಅಗ್ಗದ ಪಾಸೆಲ್ಲ ಗಡಿಯಾರ ಒತ್ತೆ ಇಟ್ಟುಕೊಂಡೇ ಕೊಡುವಂಥವು.

ಲೆಕ್ಕ ಇಷ್ಟು ಸಲೀಸಾದರೆ ಶಾಸ್ತ್ರವೇಕೆ ಎಂದರೆ, ಲೆಕ್ಕದೊಳಗೆ ಬಾರದ ಎರಡು ತತ್ತ್ವಗಳಿವೆ. ಮೊದಲನೆಯದು ಚಿಲ್ಲರೆ. ಟಿಕೀಟಿನವನು ಐನೂರರ ನೋಟು ಚಾಚುತ್ತಾನೆ. ಕಂಡಕ್ಟರ್ ಅವನನ್ನೂ ನೋಟನ್ನೂ ಬಾರಿ ಬಾರಿ ನೋಡಿ, "ಇಳಿಯೂಮುಂದ ತಗೋರಿ ಸರ" ಎಂದು ಟಿಕೀಟಿನ ಹಿಂದೆ ಒಂದು ಅಂಕಿ ಗೀಚುತ್ತಾನೆ. ಆ ಕ್ಷಣದಿಂದ ಪ್ರಯಾಣಿಕ ಕಿಟಕಿಯಾಚೆಯ ಜಗತ್ತಿಗೆ ಕುರುಡ. ಉಣಕಲ್ ಕೆರೆ ಬಂದದ್ದು, ವಿದ್ಯಾನಗರ ಹೋದದ್ದು ತಿಳಿಯದು. ಕಣ್ಣೆಲ್ಲ ಕಂಡಕ್ಟರನ ಚೀಲದ ಮೇಲೆ. ಟಿಕೀಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಈ ವಾಙ್ಮಯವನ್ನು ನಮ್ಮ ವಿಶ್ವವಿದ್ಯಾಲಯಗಳು ಇನ್ನೂ ಸಂಗ್ರಹಿಸಿಲ್ಲ. ಪಾಸಿನವನಿಗೆ ಈ ತಾಪತ್ರಯವಿಲ್ಲ. "ಪಾಸ್" ಎಂದು ಒಂದಕ್ಷರ ಉಚ್ಚರಿಸಿ ಕಣ್ಣು ಮುಚ್ಚುತ್ತಾನೆ. ಅವನು ಕೊಟ್ಟದ್ದು ಬಸ್ಸಿನ ಬಾಡಿಗೆಯಲ್ಲ, ತಿಂಗಳ ನಿದ್ದೆಯ ಬಾಡಿಗೆ. ಯುಪಿಐ ಬಂದ ಮೇಲೆ ಈ ತತ್ತ್ವ ಸ್ವಲ್ಪ ಸಡಿಲಾಗಿದೆ ಎಂದು ನವ್ಯರು ಹೇಳುತ್ತಾರೆ. ನೆಟ್‌ವರ್ಕ್ ಬರಲಿ, ಆಮೇಲೆ ಮಾತಾಡೋಣ.

ಎರಡನೆಯದು ಮನುಷ್ಯನಿಗೆ ತನ್ನ ಬಗ್ಗೆ ಇರುವ ಅತಿಶಯ ವಿಶ್ವಾಸ. 2006ರಲ್ಲಿ ಡೆಲ್ಲಾವಿನ್ಯ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ವ್ಯಾಯಾಮಶಾಲೆಗಳ ಲೆಕ್ಕ ಬಿಚ್ಚಿ ನೋಡಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದವರು ಸರಾಸರಿ ನಾಲ್ಕು ಸಲ ಚಿಲ್ಲರೆ ಹೋಗಿದ್ದರು. ಭೇಟಿಗೆ 17 ಡಾಲರ್ ಬಿತ್ತು. ಹತ್ತು ಭೇಟಿಯ ಚೀಟಿ ಕೊಂಡಿದ್ದರೆ ಭೇಟಿಗೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಿರಲಿಲ್ಲ. ಧಾರವಾಡದ ಖಾನಾವಳಿ ಮಾಲೀಕರನ್ನು ಕೇಳಿದ್ದರೆ ಸಾಕಿತ್ತು. ತಿಂಗಳ ಊಟಕ್ಕೆ ಮುಂಗಡ ಕೊಟ್ಟ ಹುಡುಗ ಅಮಾವಾಸ್ಯೆಗೆ ಊರಿಗೆ ಹೋಗುತ್ತಾನೆ, ಜಾತ್ರೆಗೆ ಹೋಗುತ್ತಾನೆ, ಪರೀಕ್ಷೆ ಮುಗಿದ ರಾತ್ರಿ ಗಿರ್ಮಿಟ್ಟು-ಮಿರ್ಚಿ ತಿಂದು ಮಲಗುತ್ತಾನೆ. ಅವನ ಪಾಲಿನ ಜೋಳದ ರೊಟ್ಟಿ ಪ್ಲೇಟ್ ಊಟದವನ ತಾಟಿಗೆ ಹೋಗುತ್ತದೆ. ಪಾಸು ಎಂಬ ಸಂಸ್ಥೆ ನಿಂತಿರುವುದು ಬಂದವರ ಮೇಲಲ್ಲ, ಬಾರದವರ ಮೇಲೆ.

ಇದಕ್ಕೆ ವಿರುದ್ಧ ರೋಗವೂ ಉಂಟು. ಪಾಸು ಇದೆಯಲ್ಲ ಎಂದು ಭಾನುವಾರವೂ ಹತ್ತುವವರು. ಕೆಲಸವಿಲ್ಲದೆ ಧಾರವಾಡಕ್ಕೆ ಹೋಗಿ, ಬರಿಗೈಲಿ ಬರಬಾರದೆಂದು ಅರ್ಧ ಕಿಲೋ ಪೇಢೆ ಕಟ್ಟಿಸಿ, ಪಾಸಿನಿಂದ ಇಂತಿಷ್ಟು ಉಳಿಸಿದೆ ಎಂದು ಮನೆಯಲ್ಲಿ ವರದಿ ಒಪ್ಪಿಸುವವರು. ಹಿಮಗುಡ್ಡದ ಕಂಪನಿಗಳಿಗೆ ಈ ಗಿರಾಕಿ ಚೆನ್ನಾಗಿ ಗೊತ್ತು. ಅವರು ಲಿಫ್ಟಿನಿಂದಷ್ಟೇ ಗಳಿಸುವುದಿಲ್ಲ; ಊಟ, ವಸತಿ, ಜಾರುವುದನ್ನು ಕಲಿಸುವ ಪಾಠ, ಬಾಡಿಗೆ ಹಲಗೆ, ಎಲ್ಲದರಿಂದಲೂ ಗಳಿಸುತ್ತಾರೆ. ಪೇಢೆ ಅಂಗಡಿಗೂ ಬಸ್ಸಿನ ಪಾಸಿಗೂ ನಮ್ಮಲ್ಲಿ ಇನ್ನೂ ಒಪ್ಪಂದವಾಗಿಲ್ಲ ಎಂಬುದೇ ಸಮಾಧಾನ.

ಹಿಮ ಬೀಳದ ವರ್ಷ ನಮಗೂ ಬಂದಿದೆ. 2020ರ ಫೆಬ್ರುವರಿ 2ರಂದು ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಬಿಆರ್‌ಟಿಎಸ್ ಅನ್ನು ವಿಧಿವತ್ತಾಗಿ ಉದ್ಘಾಟಿಸಿದರು. ಎರಡು ತಿಂಗಳು ತುಂಬುವ ಮೊದಲೇ ಲಾಕ್‌ಡೌನ್. ಅದೇ ಮಾರ್ಚಿನಲ್ಲಿ ವೇಲ್ ಕಂಪನಿಯೂ ತನ್ನ ಗುಡ್ಡಗಳನ್ನು ಮುಚ್ಚಿ, ಪಾಸಿನವರ ಕೂಗಾಟಕ್ಕೆ ಮಣಿದು ಮುಂದಿನ ಋತುವಿನ ಪಾಸಿನಲ್ಲಿ ರಿಯಾಯಿತಿ ಕೊಡಬೇಕಾಯಿತು. 2021ರ ಏಪ್ರಿಲ್ 7ರಿಂದ ಎರಡು ವಾರ ಸಾರಿಗೆ ನೌಕರರ ಮುಷ್ಕರ. ಮಹದಾಯಿ ನೀರಿಗಾಗಿ ನಡೆದ ಬಂದ್‌ಗಳಂತೂ ಚನ್ನಮ್ಮ ಸರ್ಕಲ್ಲಿಗೆ ಗೊತ್ತು. ಇಂಥ ದಿನ ಟಿಕೀಟಿನವನು ಮನೆಯಲ್ಲಿ ಕೂತರೆ ರೊಕ್ಕ ಉಳಿಸಿದ, ಪಾಸಿನವನು ಕೂತರೆ ಕಳೆದ. ಕುರ್ಚಿ ಒಂದೇ, ಫಲ ಬೇರೆ. ಈ ಒಂದು ಪ್ರಕರಣದಲ್ಲಿ ದ್ವೈತಿಗಳದೇ ಗೆಲವು.

ಇಲ್ಲಿಗೆ ಗ್ರಂಥ ಮುಗಿಯಬಹುದಿತ್ತು. ಆದರೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಏಸಿ, ಸ್ಲೀಪರ್ ಇಲ್ಲ. ರೊಕ್ಕ ಕೊಡುವಂತಿಲ್ಲ, ಆದರೂ ಟಿಕೀಟು ಪಡೆಯಲೇಬೇಕು, ಅದರ ಬೆಲೆ ಸೊನ್ನೆ. ಅದ್ವೈತ, ದ್ವೈತ, ವಿಶಿಷ್ಟಾದ್ವೈತಗಳ ನಡುವೆ ಕಾದಾಡುತ್ತಿದ್ದ ಪಂಡಿತರ ಮುಂದೆ ಹೀಗೆ ಧುತ್ತೆಂದು ಶೂನ್ಯವಾದ ಬಂದು ಸೀಟು ಹಿಡಿದು ಕೂತಿತು. ಈ ಪ್ರಬಂಧದ ಹಸ್ತಪ್ರತಿಯನ್ನು ನಮ್ಮ ಓಣಿಯ ಅಕ್ಕಾರೊಬ್ಬರಿಗೆ ತೋರಿಸಿದಾಗ ಅವರು ಹೆಚ್ಚೇನೂ ಹೇಳಲಿಲ್ಲ. "ಛಲೋ ಬರದೀರಿ. ನನ್ನ ಕಡೆ ಆಧಾರ್ ಕಾರ್ಡ್ ಐತಿ" ಎಂದರು. ಇದಕ್ಕೆ ಉತ್ತರ ಹುಡುಕಿದೆ. ಯಾವ ದರ್ಶನದಲ್ಲೂ ಸಿಗಲಿಲ್ಲ.

ಆದ್ದರಿಂದ ಈ ಶಾಸ್ತ್ರ ಇನ್ನು ಗಂಡಸರಿಗೆ ಮತ್ತು ಚಿಗರಿಯ ತಂಪಿಗೆ ಮನಸೋತವರಿಗೆ ಮಾತ್ರ ಅನ್ವಯ. ನಿರ್ಣಯ ಹೀಗೆ: ಪಾಸಿನ ಬೆಲೆಯನ್ನು ಒಂದು ಸಲದ ಟಿಕೀಟಿನ ದರದಿಂದ ಭಾಗಿಸಿ, ಬಂದದ್ದನ್ನು ಅರ್ಧ ಮಾಡಿ. ತಿಂಗಳಲ್ಲಿ ನೀವು ಹೋಗುವ ದಿನಗಳು ಅದಕ್ಕಿಂತ ಹೆಚ್ಚಿದ್ದರೆ ಪಾಸು, ಕಡಿಮೆಯಿದ್ದರೆ ಟಿಕೀಟು. ದಿನ ಎಣಿಸುವಾಗ ಮುಂದಿನ ತಿಂಗಳ ಸಂಕಲ್ಪವನ್ನಲ್ಲ, ಹಿಂದಿನ ತಿಂಗಳ ಹಾಜರಿಯನ್ನು ನೋಡಿ. ಬಸ್ಸಿಗೂ ರೈಲಿಗೂ ಸಲ್ಲುವ ಒಂದೇ ಪಾಸು ಅವಳಿ ನಗರದಲ್ಲಿ ಇನ್ನೂ ಇಲ್ಲವಾದ್ದರಿಂದ ಎರಡನ್ನೂ ಮಾಡಿಸಿ ಜಾಣರಾಗಲು ಹೋಗಬೇಡಿ. ಪಾಸೇ ಎಂದು ನಿಶ್ಚಯಿಸಿದವರು ಫೋಟೋ ಎರಡು ಪ್ರತಿ ತನ್ನಿ, ಗುರುತಿನ ಚೀಟಿಯ ಝೆರಾಕ್ಸ್ ಮೊದಲೇ ಮಾಡಿಸಿಕೊಳ್ಳಿ, ಊಟದ ಹೊತ್ತಿಗೆ ಕೌಂಟರಿನ ಮುಂದೆ ಹೋಗಿ ನಿಲ್ಲಬೇಡಿ.