ಕೆಮ್ನಿಟ್ಸ್ ಫ್ರಿಜ್ ಶಾಸನ: ಇಂಜಿನಿಯರಿಕೆಯ ಉಗಮ ಕುರಿತು ಕೆಲವು ಟಿಪ್ಪಣಿಗಳು

ನಮ್ಮ ಶಾಸನಶಾಸ್ತ್ರವು ಕಲ್ಲು, ತಾಮ್ರಪಟಗಳನ್ನು ಬಿಟ್ಟು ಅಡುಗೆಮನೆಯ ಕಡೆ ಕಣ್ಣು ಹಾಯಿಸಿದ್ದು ಕಡಿಮೆ. ಈ ಕೊರತೆಯನ್ನು ನೀಗಲೆಂದು ಪ್ರಸ್ತುತ ಲೇಖಕನು ಜರ್ಮನಿಯ ಕೆಮ್ನಿಟ್ಸ್ ನಗರದ ವಿದ್ಯಾರ್ಥಿನಿಲಯವೊಂದರಲ್ಲಿ ದೊರೆತ ಫ್ರಿಜ್ ಶಾಸನವನ್ನು ಮೊದಲ ಬಾರಿಗೆ ಸಂಪಾದಿಸಿ ಕೊಡುತ್ತಿದ್ದಾನೆ. ಕ್ಷೇತ್ರಕಾರ್ಯವನ್ನು ತುಮಕೂರಿನ ಮನೆಯ ದಿವಾನದ ಮೇಲೆ ಕುಳಿತು, ಭಾನುವಾರ ಸಂಜೆಗಳಲ್ಲಿ, ವಾಟ್ಸಾಪ್ ವಿಡಿಯೋ ಕರೆಯ ಮೂಲಕ ನಡೆಸಲಾಯಿತು. ಮುಖ್ಯ ವಕ್ತೃ ಲೇಖಕನ ಸೋದರಳಿಯ; ಇಲ್ಲಿ ಬಿ.ಇ. ಮೆಕ್ಯಾನಿಕಲ್ ಮುಗಿಸಿ ಈಗ ಅಲ್ಲಿ ಎಂ.ಎಸ್ಸಿ. ಉಪವಕ್ತೃ ಅವನ ತಾಯಿ, ಅಂದರೆ ನಮ್ಮ ತಂಗಿ. ಅವನು ಹೇಳದೆ ಬಿಟ್ಟದ್ದೆಲ್ಲ ಈಕೆಗೆ ಗೊತ್ತು.

ಸ್ಥಳಪರಿಚಯ ಅಗತ್ಯ. ಕೆಮ್ನಿಟ್ಸ್ ಹಳೆಯ ಯಂತ್ರೋದ್ಯಮದ ಊರು. 1953ರಿಂದ 1990ರವರೆಗೆ ಅದರ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಊರ ನಡುವೆ ಆ ಮಹನೀಯನ 7 ಮೀಟರ್ ಎತ್ತರದ ಕಂಚಿನ ತಲೆ ಇದೆ, ಮುಂಡವಿಲ್ಲ. ಆ ಗಡ್ಡವನ್ನು ಫೋನಿನಲ್ಲಿ ಕಂಡ ತಂಗಿ, ಯಾರೋ ಆ ಕಡೆಯ ಋಷಿಗಳಿರಬೇಕೆಂದು ಕೈಮುಗಿದಳು. ಹಿಂದಿನ ಗೋಡೆಯ ಮೇಲೆ ದುಡಿಯುವವರೆಲ್ಲ ಒಂದಾಗಿ ಎಂದು ನಾಲ್ಕು ಭಾಷೆಗಳಲ್ಲಿ ಬರೆದಿದೆ. ಕನ್ನಡ ಇಲ್ಲದ್ದರಿಂದ ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಶಾಸನದ ಪಾಠ. ಹಳದಿ ಅಂಟುಚೀಟಿ, ನೀಲಿ ಬಾಲ್‌ಪೆನ್, ಕನ್ನಡ ಲಿಪಿ, ನಾಲ್ಕು ಸಾಲು:

ಮೇಲಿನ ಖಾನೆ ನಂದು
ಮೊಸರು ಮುಟ್ಟಿದೋನು
ಮೂರನೇ ಅಟೆಂಪ್ಟಲ್ಲೂ
ಡುಮ್ಕಿ ಹೊಡೀಲಿ

ಮೊದಲ ಸಾಲು ದಾನಭೂಮಿಯ ಎಲ್ಲೆಯನ್ನು ಹೇಳುತ್ತದೆ, ಉಳಿದದ್ದು ಶಾಪಾಶಯ. ನಮ್ಮ ಪ್ರಾಚೀನ ಶಾಸನಗಳಲ್ಲಿ ದಾನಕ್ಕೆ ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಗಲುತ್ತಿತ್ತು. ಇಲ್ಲಿ ಅದರ ಜಾಗಕ್ಕೆ ಮೂರನೇ ಅಟೆಂಪ್ಟ್ ಬಂದಿದೆ. ತುಮಕೂರಿನಲ್ಲಿ ಇಂಥ ಶಾಪ ಹಾಕಿದರೆ ಶಪಿತನು ನಕ್ಕು ಮೊಸರನ್ನು ಪೂರ್ತಿ ಮುಗಿಸುತ್ತಾನೆ. ನಮ್ಮಲ್ಲಿ ಬ್ಯಾಕ್ ಉಳಿಸಿಕೊಂಡವನಿಗೆ ಮುಂದಿನ ಸೆಮಿಸ್ಟರ್ ಎಂಬ ಪುನರ್ಜನ್ಮದ ಸೌಕರ್ಯವಿದೆ. ಜರ್ಮನಿಯಲ್ಲಾದರೋ ಒಂದು ಕಡ್ಡಾಯ ಪರೀಕ್ಷೆಗೆ ಸಾಮಾನ್ಯವಾಗಿ ಮೂರೇ ಅವಕಾಶ. ಮೂರೂ ಹೋದರೆ ಆ ಕೋರ್ಸಿನಿಂದ ಹೆಸರು ಹೊಡೆದುಹಾಕುತ್ತಾರೆ. ಅದೇ ಕೋರ್ಸನ್ನು ಆ ದೇಶದ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಮುಚ್ಚುತ್ತದೆ. ಈ ಶಾಪ ಹುಟ್ಟಿದ್ದು ಆ ನೆಲದಲ್ಲೇ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಅಂಕಗಳ ವಿಷಯವನ್ನು ಇಲ್ಲೇ ಮುಗಿಸಿಬಿಡೋಣ. ಅಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು, 5.0 ನಪಾಸು. ಪರಿಷ್ಕೃತ ಬವೇರಿಯನ್ ಸೂತ್ರ ಎಂಬುದೊಂದಿದೆ. ಇಲ್ಲಿನ 8 ಸಿಜಿಪಿಎಯನ್ನು ಅದರೊಳಗೆ ಹಾಕಿದರೆ 2ರ ಆಸುಪಾಸಿಗೆ ಕುಗ್ಗಿ ಹೊರಬರುತ್ತದೆ. ಅಳಿಯನು ಮೊದಲ ಸೆಮಿಸ್ಟರಿನಲ್ಲಿ 1.7 ತೆಗೆದ ಸುದ್ದಿ ಬಂದ ದಿನ ನಮ್ಮ ಭಾವನವರು ರಾತ್ರಿ ಊಟ ಮಾಡಲಿಲ್ಲ.

ಶಾಸನದ ಕರ್ತೃ ಯಾರು? ಆ ಮನೆಯಲ್ಲಿದ್ದವರು ಮೂವರು: ನಮ್ಮ ಅಳಿಯ, ಒಬ್ಬ ಹಾಸನದವನು, ಒಬ್ಬ ಬಾಗಲಕೋಟೆಯವನು. ಮೂವರೂ ಮೆಕ್ಯಾನಿಕಲ್. ಲಿಪಿಯ ಆಧಾರದ ಮೇಲೆ ಕರ್ತೃನಿರ್ಣಯಕ್ಕೆ ಹೊರಟಾಗ ಮಹತ್ವದ ಸಂಗತಿಯೊಂದು ಬೆಳಕಿಗೆ ಬಂತು: ಮೂವರ ಕೈಬರಹವೂ ಒಂದೇ. ನಾಲ್ಕು ವರ್ಷ ಒಂದೇ ಮಾದರಿಯ ಲ್ಯಾಬ್ ರೆಕಾರ್ಡುಗಳನ್ನು ನೋಡಿ ಬರೆದವರ ಬರಹ ಹೀಗಾಗುವುದು ಸಹಜ. ಡ್ರಾಯಿಂಗಿನಲ್ಲೂ ಅಷ್ಟೆ. ಗಾಜಿನ ಕೆಳಗೆ ಬಲ್ಬು ಉರಿಸಿ, ಸೀನಿಯರ್‌ನ ಶೀಟಿನ ಮೇಲೆ ತನ್ನ ಶೀಟು ಹರವಿ, ಗೆರೆಯ ಮೇಲೆ ಗೆರೆ ಎಳೆಯುವ ಜಿ.ಟಿ. ಅಥವಾ ಗ್ಲಾಸ್ ಟ್ರೇಸಿಂಗ್ ಪದ್ಧತಿ ನಮ್ಮ ಹಾಸ್ಟೆಲುಗಳಲ್ಲಿ ಗುರುಶಿಷ್ಯ ಪರಂಪರೆಯಾಗಿ ಹರಿದುಬಂದಿದೆ. ಹಸ್ತಪ್ರತಿಗಳನ್ನು ಇಷ್ಟು ನಿಷ್ಠೆಯಿಂದ ಕಾಪಾಡಿದ ಇನ್ನೊಂದು ಸಮುದಾಯ ನಮಗೆ ತಿಳಿದಿಲ್ಲ.

ಎರಡನೆಯ ಆಕರ ಅಡುಗೆಮನೆಯ ನಲ್ಲಿ. ಅದು ತೊಟ್ಟಿಕ್ಕುತ್ತಿತ್ತು. ಮೂವರ ಸಿಜಿಪಿಎ ಕೂಡಿದರೆ 24 ದಾಟುತ್ತಿತ್ತು, ನಲ್ಲಿ ನಿಲ್ಲಲಿಲ್ಲ. ಹಾಸನದವನು ದ್ರವಚಲನಶಾಸ್ತ್ರದ ಸಮೀಕರಣ ಬರೆದ. ಬಾಗಲಕೋಟೆಯವನು ಅದಕ್ಕೆ ಬಟ್ಟೆ ಸುತ್ತಿದ. ನಾಲ್ಕನೇ ದಿನ ಹೌಸ್‌ಮೈಸ್ಟರ್ ಎಂಬ, ಕಟ್ಟಡ ನೋಡಿಕೊಳ್ಳುವ ಹಿರಿಯರು ಬಂದು, ವಾಷರ್ ಬದಲಿಸಿ, ಕೈ ಒರೆಸಿಕೊಳ್ಳುತ್ತ, ನೀವೆಲ್ಲ ಏನು ಓದುತ್ತೀರಿ ಎಂದು ಕೇಳಿದರಂತೆ. ಯಂತ್ರ ನಿರ್ಮಾಣ ಎಂದು ಮೂವರೂ ಹೇಳಿದರು. ಹಿರಿಯರು ನಲ್ಲಿಯನ್ನೊಮ್ಮೆ ನೋಡಿದರು, ಇವರನ್ನೊಮ್ಮೆ ನೋಡಿದರು, ಹೋದರು.

ಈ ನೋಟದ ಅರ್ಥವಿವರಣೆಗೆ ಆ ಸಮಾಜದ ವರ್ಣವ್ಯವಸ್ಥೆಯನ್ನು ತಿಳಿಯಬೇಕು. ಇಂಜಿನಿಯರ್ ಎಂಬ ಬಿರುದಿಗೆ ಅಲ್ಲಿ ಕಾನೂನಿನ ಕಾವಲಿದೆ. ಅರ್ಹತೆಯಿಲ್ಲದೆ ಹೆಸರಿನ ಹಿಂದೆ ಹಾಕಿಕೊಳ್ಳುವಂತಿಲ್ಲ. ಇಷ್ಟು ಕಾದಿಟ್ಟ ಬಿರುದನ್ನು ಅವರು ಮದುವೆಯ ಮಾತುಕತೆಯಲ್ಲಿ ಬಳಸುವುದೇ ಇಲ್ಲವಂತೆ! ಅದಕ್ಕಿಂತ ಕಳವಳಕಾರಿ ಸಂಗತಿಯೆಂದರೆ, ಜರ್ಮನಿಯ ಅರ್ಹತಾ ಚೌಕಟ್ಟಿನಲ್ಲಿ ಕುಶಲಕರ್ಮಿಯ ಮೈಸ್ಟರ್ ಅರ್ಹತೆಯನ್ನೂ ಬ್ಯಾಚುಲರ್ ಪದವಿಯನ್ನೂ ಒಂದೇ 6ನೇ ಹಂತದಲ್ಲಿ ಕೂರಿಸಿದ್ದಾರೆ. ಅಲ್ಲಿ ಹಲವು ಕಡೆ ಮೆಕ್ಯಾನಿಕಲ್ ಓದಲು ಬರುವ ಹುಡುಗರು ಮೊದಲು ಕೆಲವು ವಾರ ಕಾರ್ಖಾನೆಯಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಿರಬೇಕಂತೆ. ನಮ್ಮಲ್ಲೂ ಮೊದಲ ವರ್ಷ ಫಿಟ್ಟಿಂಗ್ ಉಂಟು. ಆದರೆ ಅಳಿಯನ ಡವ್‌ಟೇಲ್ ಮಾಡೆಲನ್ನು ಮಾಡಿಕೊಟ್ಟದ್ದು ವರ್ಕ್‌ಶಾಪಿನ ಐಟಿಐ ಅಣ್ಣ; ಅವನಿಗೆ ಸಂದದ್ದು ಎರಡು ಕಾಫಿ, ಅಳಿಯನಿಗೆ ಸಂದದ್ದು ಡಿಸ್ಟಿಂಕ್ಷನ್. ಶ್ರಮವಿಭಜನೆ ಎಂದರೆ ಇದು.

ಈಗ ಪ್ರಬಂಧದ ತಿರುಳು. ಅಳಿಯನಿಗೆ ಅಲ್ಲಿ ಪ್ರಯೋಗಾಲಯದ ಸಹಾಯಕ ಕೆಲಸ ಸಿಕ್ಕಿತು. ಅದಕ್ಕೆ ಹೀವಿ ಎನ್ನುತ್ತಾರೆ. ಉಕ್ಕಿನ ತುಂಡುಗಳನ್ನು ಎಳೆದು ಮುರಿದು ಬಲ ಅಳೆಯುವುದು. ಇವನು ನಮ್ಮ ಪರಂಪರೆಯಂತೆ ಮೊದಲು ಉತ್ತರ ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ರೀಡಿಂಗುಗಳನ್ನು ತುಂಬಿಸಿ ಒಪ್ಪಿಸಿದ. ಗ್ರಾಫು ಅಷ್ಟೂ ಬಿಂದುಗಳ ಮೇಲೆ ಹಾದುಹೋಗಿತ್ತು. ಇಲ್ಲಾಗಿದ್ದರೆ ಎಕ್ಸ್‌ಟರ್ನಲ್ ಬೆನ್ನು ತಟ್ಟುತ್ತಿದ್ದರು. ಅಲ್ಲಿನ ಮೇಲ್ವಿಚಾರಕಿ ಅದನ್ನು ಬಹಳ ಹೊತ್ತು ನೋಡಿ, ಬೈಯದೆ, ಕೇಳಿದ್ದು ಒಂದೇ: ತಪ್ಪುಗಳೆಲ್ಲಿ?

ಅಳಿಯ ಗಾಬರಿಯಿಂದ, ತಪ್ಪೇ ಇಲ್ಲ ಮೇಡಂ ಎಂದ. ಹಾಗಿದ್ದರೆ ನೀನು ಅಳೆದೇ ಇಲ್ಲ ಎಂದಳಂತೆ ಆಕೆ. ಆಮೇಲೆ ಎರಡು ವಾರ ಅವನು ಅದೇ ಅಳತೆಯ ತುಂಡುಗಳನ್ನು ಒಂದಾದ ಮೇಲೊಂದು ಮುರಿದ. ಒಂದೊಂದೂ ಬೇರೆ ಬೇರೆ ಬಲಕ್ಕೆ ಮುರಿಯಿತು. ಪ್ರತಿ ಸಂಖ್ಯೆಯ ಪಕ್ಕ, ಇಷ್ಟು ಹೆಚ್ಚೂ ಇರಬಹುದು, ಇಷ್ಟು ಕಮ್ಮಿಯೂ ಇರಬಹುದು ಎಂದು ಬರೆಯಬೇಕಾಯಿತು. ಕೆಳಗೆ ಸ್ವಂತ ಸಹಿ ಬೇರೆ. ರಾತ್ರಿ ಫೋನು ಮಾಡಿ, ಮಾವ, ಉಕ್ಕು ಪುಸ್ತಕದಲ್ಲಿರೋ ಹಾಗೆ ಮುರಿಯಲ್ಲ ಎಂದ. ಆ ದನಿಯಲ್ಲಿ ದುಃಖವಿತ್ತೋ ಸಂತೋಷವಿತ್ತೋ, ಆಕರವು ಈ ಭಾಗದಲ್ಲಿ ತ್ರುಟಿತವಾಗಿದೆ, ನೆಟ್‌ವರ್ಕ್ ಹೋಯಿತು.

ನಮ್ಮ ಆಕ್ಷೇಪ ಸ್ಪಷ್ಟ. ತಪ್ಪೇ ಇಲ್ಲದ ರೀಡಿಂಗುಗಳನ್ನು ತಲೆಮಾರುಗಳಿಂದ ಸೃಷ್ಟಿಸಿಕೊಂಡು ಬಂದ ವಿದ್ಯಾವಂತ ಹುಡುಗನೊಬ್ಬನನ್ನು, ಲಕ್ಷಗಟ್ಟಲೆ ಸಾಲದ ಹಣ ಖರ್ಚು ಮಾಡಿಸಿ, ಸಂಶಯಾತ್ಮನನ್ನಾಗಿ ಮಾಡಿ ಕಳಿಸುವುದು ಯಾವ ನ್ಯಾಯ?

ಪ್ರಬಂಧ ಅಚ್ಚಿಗೆ ಹೋಗುವ ಹೊತ್ತಿಗೆ ಅಳಿಯ ರಜೆಗೆ ಬಂದ. ಬಂದ ಮಾರನೇ ದಿನವೇ ಅಡುಗೆಮನೆಯ ನೆಲದ ಮೇಲೆ ಪೇಪರ್ ಹಾಸಿ, ಸದ್ದು ಮಾಡುತ್ತಿದ್ದ ಮಿಕ್ಸಿಯನ್ನು ಬಿಚ್ಚಿ ಕುಳಿತಿದ್ದ.

“ಅಣ್ಣಾ, ಇವನನ್ನ ಅಷ್ಟು ದೂರ ಕಳಿಸಿದ್ದು ಮಿಕ್ಸಿ ರಿಪೇರಿ ಕಲಿಯೋಕಾ?” ಎಂದಳು ತಂಗಿ.

ಸಂಜೆಗೆ ಮಿಕ್ಸಿ ಓಡಿತು. ಒಂದು ಸ್ಕ್ರೂ ಮಿಕ್ಕಿತು. ಮುಂದಿನ ಸಂಶೋಧನೆಗೆ ಬೇಕಾದೀತೆಂದು ಅದನ್ನು ನಾವು ವಶಕ್ಕೆ ಪಡೆದು, ಕಾಂಪಾಸ್ ಬಾಕ್ಸಿನ ಸ್ಕೇಲಿಟ್ಟು ಅಳೆದು, 12 ಮಿಲಿಮೀಟರ್ ಎಂದು ದಾಖಲಿಸಿದೆವು.

“ಎಷ್ಟು ಸಲ ಅಳೆದ್ರಿ ಮಾವ?” ಎಂದ.