ಅಗ್ಗದ ಎಡಿಟಿಂಗ್ ಕಂಪ್ಯೂಟರ್: ಒಂದು ತಾತ್ವಿಕ ಅಧ್ಯಯನ (ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳನ್ನು ಅನುಲಕ್ಷಿಸಿ)

ಪ್ರಸ್ತಾವನೆ

ಕನ್ನಡ ಸಂಶೋಧನೆ ಷಟ್ಪದಿಯ ಮಾತ್ರೆ ಎಣಿಸಿದೆ, ವೀರಗಲ್ಲು ಓದಿದೆ, ಲಾವಣಿಯನ್ನು ಧ್ವನಿಮುದ್ರಿಸಿದೆ. ಮದುವೆ ವಿಡಿಯೋ ಎಡಿಟ್ ಮಾಡುವ ಅಸೆಂಬಲ್ಡ್ ಕಂಪ್ಯೂಟರನ್ನು ಮಾತ್ರ ಈವರೆಗೆ ಮುಟ್ಟಿಲ್ಲ. ಈ ಕೊರತೆಯನ್ನು ನೀಗುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇಂಥದ್ದೊಂದು ಪ್ರಬಂಧ ಬೇಕೆಂದು ಇದುವರೆಗೆ ಯಾರೂ ಕೇಳದಿರುವುದೇ ಇದರ ತುರ್ತನ್ನು ಎತ್ತಿ ತೋರಿಸುತ್ತದೆ.

ಅಧ್ಯಯನದ ವ್ಯಾಪ್ತಿ ಹೀಗಿದೆ: ಒಂದು ತುದಿಗೆ ತುಂಗಭದ್ರಾ ಎಡದಂಡೆಯ ನೀರು ಕುಡಿದು ಭತ್ತದ ಕಣಜವಾದ ಸಿಂಧನೂರು, ಇನ್ನೊಂದು ತುದಿಗೆ ಹಟ್ಟಿಯ ಚಿನ್ನದ ಗಣಿಯನ್ನು ಮಡಿಲಲ್ಲಿಟ್ಟುಕೊಂಡ ಲಿಂಗಸುಗೂರು, ನಡುವೆ ಅಶೋಕನ ಶಾಸನದ ಮಸ್ಕಿ. ಮಾನ್ವಿ, ಸಿರುಗುಪ್ಪ, ಗಂಗಾವತಿಗಳನ್ನು ವಿಸ್ತಾರಭಯದಿಂದಲೂ ಕೊನೆಯ ಬಸ್ಸು ತಪ್ಪೀತೆಂಬ ಭಯದಿಂದಲೂ ಕೈಬಿಡಲಾಗಿದೆ.

ಅಧ್ಯಯನ ವಿಧಾನ ಕ್ಷೇತ್ರಕಾರ್ಯ. ಅಂದರೆ ಫೋಟೊ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಚಹಾ ಕುಡಿಯುವುದು. ಚಹಾ ಬರುವವರೆಗೆ ಪ್ರಶ್ನೆ, ಬಂದ ಮೇಲೆ ಉತ್ತರ. ಹೆಸರು ಹೇಳಲು ಒಪ್ಪದ ಹಿರಿಯ ಮಾಹಿತಿದಾರರೊಬ್ಬರ ಮಾತನ್ನೇ ಇಲ್ಲಿ ಸೂತ್ರವೆಂದು ಹಿಡಿಯಲಾಗಿದೆ: "ಸರ, ಮಷೀನ್ ಎಂಥಾದರ ಇರಲ್ರಿ, ಮದುವಿ ಮಾತ್ರ ಕಳೀಬಾರದು." ಈ ಸೂತ್ರಕ್ಕೆ ಮುಂದಿನ ನಾಲ್ಕು ಅಧ್ಯಾಯಗಳು ಭಾಷ್ಯ.

ಅಧ್ಯಾಯ 1: ಅಕ್ಕಿಕಾಳಿನ ತೂಕ

ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಚಿತ್ರಿಸಿದ 4ಕೆ ವಿಡಿಯೋ ಒಂದು ತಾಸಿಗೆ 45 ಜಿಬಿ ಜಾಗ ಹಿಡಿಯುತ್ತದೆ. ಎರಡು ಕ್ಯಾಮೆರಾ ತಲಾ ನಾಲ್ಕು ತಾಸು ಓಡಿದರೆ 360 ಜಿಬಿ. ಡ್ರೋನು, ಹಿಂದಿನ ದಿನದ ಅರಿಷಿಣ, ಕಾಲುವೆ ದಂಡೆಯ ಪ್ರೀ ವೆಡ್ಡಿಂಗ್ ಹಾಡು ಇವೆಲ್ಲ ಬೇರೆ.

ಈ 360ರಲ್ಲಿ ಅಕ್ಕಿಕಾಳು ಬೀಳುವುದು ಎರಡೇ ನಿಮಿಷ. ಉಳಿದದ್ದೆಲ್ಲ ವೇದಿಕೆ ಹತ್ತಿ, ಆಹೇರಿ ಕೊಟ್ಟು, ಕ್ಯಾಮೆರಾ ಕಡೆ ನೋಡಿ ಇಳಿಯುವ ಬಂಧುಬಳಗ. ಎಡಿಟಿಂಗ್ ಎಂದರೆ ಕತ್ತರಿಸುವ ಕಲೆ ಎಂದು ಜಗತ್ತಿನ ಸಿನಿಮಾ ಪಂಡಿತರು ಹೇಳುತ್ತಾರೆ. ಅವರಲ್ಲಿ ಯಾರಿಗೂ ಸಿಂಧನೂರಿನಲ್ಲಿ ಬೀಗರಿದ್ದಂತಿಲ್ಲ. ಇಲ್ಲಿ ಒಬ್ಬರನ್ನು ಕತ್ತರಿಸಿದರೂ "ನಮ್ಮ ದೊಡ್ಡಪ್ಪ ಎಲ್ಲಿ ಹೋದ?" ಎಂದು ಮನೆಮಂದಿಯೆಲ್ಲ ಅಂಗಡಿಗೆ ಬರುತ್ತಾರೆ. ಆದ್ದರಿಂದ ಈ ಸೀಮೆಯ ಎಡಿಟಿಂಗ್ ಎಂದರೆ ಯಾರನ್ನೂ ಕತ್ತರಿಸದೆ ಮೂರು ತಾಸಿನೊಳಗೆ ಎಲ್ಲರನ್ನೂ ಹಿಡಿಸುವ ವಿದ್ಯೆ.

ಇದರಿಂದ ಒಂದು ತಾಂತ್ರಿಕ ಫಲಿತಾಂಶ ಹೊರಡುತ್ತದೆ. 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಎಂಬಿ. ಎರಡು ಕ್ಯಾಮೆರಾದ ದೃಶ್ಯ ಒಟ್ಟಿಗೆ ಓಡಿಸಿದರೂ 25. ಸಾಧಾರಣ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 500 ಎಂಬಿಗೂ ಮೇಲೆ ಓದುತ್ತದೆ. ಹೀಗಿರುವಾಗ 7,000 ಎಂಬಿ ಓದುವ ಎನ್‌ವಿಎಂಇ ಡ್ರೈವಿಗೆ ಜಾಸ್ತಿ ರೊಕ್ಕ ಸುರಿದರೆ ದೊಡ್ಡಪ್ಪ ವೇದಿಕೆಯಿಂದ ಬೇಗ ಇಳಿಯುವುದಿಲ್ಲ. ಟೈಮ್‌ಲೈನ್ ಮೇಲೆ ಚಿತ್ರ ತಡವರಿಸುವುದಕ್ಕೆ ಡಿಸ್ಕಿನ ವೇಗಕ್ಕಿಂತ ದೊಡ್ಡ ಕಾರಣ ವಿಡಿಯೋವನ್ನು ಒತ್ತಿ ಕಟ್ಟುವ ಎಚ್.265 ಎಂಬ ಬಿಗಿ ಗಂಟು. ಅದನ್ನು ಬಿಚ್ಚುವ ಕೈ ಯಾವುದೆಂಬ ಪ್ರಶ್ನೆಯ ಮೇಲೆಯೇ ಮೂರು ಪಂಥಗಳು ಹುಟ್ಟಿವೆ.

ಅಧ್ಯಾಯ 2: ಪಂಥತ್ರಯ ವಿಚಾರ

ಸಿಂಧನೂರು ಪಂಥ: ಇದು ಪೂರ್ಣ ಬೆಳೆಯ ವರ್ಷದಲ್ಲಿ ಹುಟ್ಟಿದ ದರ್ಶನ. ಎಲ್ಲ ಹೊಸದೇ ಆಗಬೇಕು, ಪೆಟ್ಟಿಗೆಗೆ ಗಾಜಿನ ಬಾಗಿಲಿರಬೇಕು, ಒಳಗೆ ಫ್ಯಾನುಗಳು ಏಳು ಬಣ್ಣದಲ್ಲಿ ಉರಿಯಬೇಕು, ಗ್ರಾಫಿಕ್ಸ್ ಕಾರ್ಡು ಇಟ್ಟಿಗೆಯಷ್ಟು ದಪ್ಪ ಇರಬೇಕು. ಗಿರಾಕಿ ಒಳಗೆ ಬಂದೊಡನೆ ದೀಪ ನೋಡಿ ಅಡ್ವಾನ್ಸ್ ಕೊಡುತ್ತಾನೆ ಎಂಬುದು ಈ ಪಂಥದ ವಾದ. ವಾದ ಪೂರ್ತಿ ಸುಳ್ಳಲ್ಲ. ಡಾವಿಂಚಿ ರಿಸಾಲ್ವ್‌ನಲ್ಲಿ ಬಣ್ಣ ತಿದ್ದುವವನಿಗೆ ಗ್ರಾಫಿಕ್ಸ್ ಕಾರ್ಡು ನಿಜಕ್ಕೂ ಬೇಕು. ಅದರ ಪುಕ್ಕಟೆ ಆವೃತ್ತಿಯೇ 4ಕೆ ಅಳತೆಯವರೆಗೆ ವಿಡಿಯೋ ಹೊರತೆಗೆಯುವುದರಿಂದ, ಸಾಫ್ಟ್‌ವೇರಿನಲ್ಲಿ ಉಳಿದ ರೊಕ್ಕವನ್ನು ಕಾರ್ಡಿಗೆ ಹಾಕಬಹುದು. ಆದರೆ ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಆಹೇರಿ ಜೋಡಿಸುವವನಿಗೆ ಆ ಕಾರ್ಡು ಬಹುಪಾಲು ಹೊತ್ತು ಮಂಟಪದ ಮೂಲೆಯಲ್ಲಿ ಕೂತ ದೂರದ ನೆಂಟನೇ.

ಲಿಂಗಸುಗೂರು ಪಂಥ: ಹಟ್ಟಿಯಲ್ಲಿ ಟನ್ನುಗಟ್ಟಲೆ ಕಲ್ಲು ಪುಡಿ ಮಾಡಿದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಈ ಪಂಥದವರು ಅದೇ ತಾಳ್ಮೆಯಿಂದ ಬೆಂಗಳೂರಿನ ಎಸ್.ಪಿ. ರಸ್ತೆಯನ್ನೂ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರನ್ನೂ ಜಾಲಾಡಿ ಸೆಕೆಂಡ್ ಹ್ಯಾಂಡ್ ಯಂತ್ರ ಹೆಕ್ಕಿ ತರುತ್ತಾರೆ. ಅವರ ಆರಾಧ್ಯದೈವ ದೊಡ್ಡ ಕಂಪನಿಗಳು ಕಳಚಿ ಹಾಕಿದ ಜಿಯಾನ್ ವರ್ಕ್‌ಸ್ಟೇಷನ್. 12 ಕೋರ್, 64 ಜಿಬಿ ರ‍್ಯಾಮ್, ಬೆಲೆ ಹೊಸದರ ಒಂದು ಪಾಲು. ಅದಿರು ಒಳ್ಳೆಯದೇ, ಆದರೆ ಆ ಹಳೆಯ ಇ5 ಜಿಯಾನ್‌ಗಳಲ್ಲಿ ಒಳಗ್ರಾಫಿಕ್ಸ್ ಇಲ್ಲ. ಎಚ್.265ರ ಗಂಟನ್ನು ಕೋರುಗಳೇ ಹಲ್ಲಿನಿಂದ ಬಿಚ್ಚಬೇಕು. ಕೆಲಸ ಮುಗಿಯುತ್ತದೆ, ಜತೆಗೆ ಕರೆಂಟು ಬಿಲ್ಲೂ ಕೋಣೆಯ ಬಿಸಿಯೂ ಏರುತ್ತವೆ. ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು ಕೊಳ್ಳುವವರು ಚರಿತ್ರೆಯನ್ನೂ ತುಸು ಓದಿರಬೇಕು. 2022ರ ಸೆಪ್ಟೆಂಬರಿನಲ್ಲಿ, ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದ ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ನಿಂತಿತು. ಹಗಲು ರಾತ್ರಿ ದುಡಿದು ಸುಸ್ತಾದ ಕಾರ್ಡುಗಳು ಮುಖ ತೊಳೆದುಕೊಂಡು ಸಂತೆಗೆ ಬಂದವು. ಹಟ್ಟಿಯ ನೆರೆಯವರೇ ಇಂಥ ಗಣಿಯ ಮಾಲಿಗೆ ಮೋಸಹೋಗುವುದು ಶೋಭಿಸದು.

ಮಸ್ಕಿ ಪಂಥ: ಇದು ಅಕ್ಷರ ಓದುವವರ ಪಂಥ. ಇಂಟೆಲ್ 12400 ಮತ್ತು 12400ಎಫ್ ಎಂಬ ಎರಡು ಪ್ರೊಸೆಸರುಗಳಿವೆ. ಎಫ್ ಇರುವುದು ಅಗ್ಗ. ಆ ಒಂದು ಅಕ್ಷರದ ಅರ್ಥ: ಒಳಗ್ರಾಫಿಕ್ಸ್ ಇಲ್ಲ, ಆದ್ದರಿಂದ 2011ರಿಂದ ಇಂಟೆಲ್ ಚಿಪ್ಪಿನಲ್ಲಿ ಬರುತ್ತಿರುವ, ವಿಡಿಯೋದ ಗಂಟು ಬಿಚ್ಚುವ ಕ್ವಿಕ್ ಸಿಂಕ್ ಇಲ್ಲ. ಎಡಿಯಸ್ ಬೆನ್ನು ಕೊಟ್ಟು ಕೂಡುವುದೇ ಆ ಕ್ವಿಕ್ ಸಿಂಕ್ ಮೇಲೆ. ಹೊಸ ಕ್ಯಾಮೆರಾಗಳ 10-ಬಿಟ್ 4:2:2 ಎಚ್.265ನ್ನು 11ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರಿನಿಂದೀಚೆಗೆ ಇಂಟೆಲ್ಲಿನ ಒಳಗ್ರಾಫಿಕ್ಸ್ ಸಲೀಸಾಗಿ ಬಿಚ್ಚುತ್ತದೆ. ಎನ್ವಿಡಿಯಾ ಕಾರ್ಡುಗಳಿಗೆ ಆ ವಿದ್ಯೆ ಒಲಿದದ್ದು 2025ರ 50 ಸರಣಿಯಲ್ಲಿ. ಕೆಲವು ಸಾವಿರ ಉಳಿಸಲು ಎಫ್ ತಂದವನು ಅದರ ಹಲವು ಪಟ್ಟು ಕೊಟ್ಟು ಕಾರ್ಡು ತರಬೇಕಾಗುತ್ತದೆ.

ಪೂರ್ವಪಕ್ಷ: 2024ರ ನವೆಂಬರಿನಲ್ಲಿ 59,900 ರೂಪಾಯಿಗೆ ಬಂದ ಎಂ4 ಮ್ಯಾಕ್ ಮಿನಿ ಸಾಲದೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಪೆಟ್ಟಿಗೆ ಚಿಕ್ಕದು, ಕರೆಂಟು ಕಡಿಮೆ, 4:2:2 ಅದಕ್ಕೆ ಲೀಲಾಜಾಲ. ಇದಕ್ಕೆ ಖಂಡನೆ: ಅದರ 256 ಜಿಬಿಯಲ್ಲಿ ಮೊದಲ ಅಧ್ಯಾಯದ ಒಂದು ಮದುವೆಯೂ ಹಿಡಿಸುವುದಿಲ್ಲ. ಎಡಿಯಸ್ ಅದರಲ್ಲಿ ಓಡುವುದಿಲ್ಲ. ವರ್ಷಗಳಿಂದ ಕೂಡಿಟ್ಟ ಎಡಿಯಸ್ ಟೈಟಲ್ ಪ್ರಾಜೆಕ್ಟುಗಳು, ಹಾರುವ ಗುಲಾಬಿ ಪಕಳೆಗಳು, ತೆರೆದುಕೊಳ್ಳುವ ಬಂಗಾರದ ಬಾಗಿಲುಗಳು ಎಲ್ಲವೂ ಅನಾಥವಾಗುತ್ತವೆ. ಹೊಸದಾಗಿ ಅಂಗಡಿ ಇಡುವ, ಹೊರಗಿನಿಂದ ಡಿಸ್ಕ್ ಜೋಡಿಸಿಕೊಳ್ಳುವ ಹುಡುಗನಿಗೆ ಮಾತ್ರ ಈ ಪೂರ್ವಪಕ್ಷ ಸಿದ್ಧಾಂತವಾಗಬಹುದು.

ಅಧ್ಯಾಯ 3: ಸರಪಳಿ ನ್ಯಾಯ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟು ಗಟ್ಟಿಯಿತ್ತು, ನೀರು ತುಂಬಿತ್ತು, ಸೋತದ್ದು ಸರಪಳಿ. ಕಂಪ್ಯೂಟರಿನಲ್ಲಿ ಆ ಸರಪಳಿಯ ಹೆಸರು ಎಸ್‌ಎಂಪಿಎಸ್, ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ ಬಣ್ಣದ ದೀಪವಿಲ್ಲ, ಆದ್ದರಿಂದ ಮೂರೂ ಪಂಥಗಳು ರೊಕ್ಕ ಉಳಿಸಲು ಮೊದಲು ಕೈ ಹಾಕುವುದು ಅದಕ್ಕೇ. ಅದು ಸುಡುವಾಗ ಒಂಟಿಯಾಗಿ ಹೋಗಬೇಕೆಂದೇನಿಲ್ಲ, ಮದರ್‌ಬೋರ್ಡನ್ನೋ ಡಿಸ್ಕನ್ನೋ ಜೊತೆಗೆ ಕರೆದೊಯ್ಯುವುದೂ ಉಂಟು.

ಯುಪಿಎಸ್ಸಿನ ಮೇಲೆ 600 ವಿಎ ಎಂದು ಬರೆದಿರುತ್ತದೆ. ಅಗ್ಗದ ಮಾಲು ಹೊರುವುದು ಸುಮಾರು 360 ವ್ಯಾಟ್. ಇಟ್ಟಿಗೆ ಗಾತ್ರದ ಕಾರ್ಡಿರುವ ಯಂತ್ರ ರೆಂಡರ್ ಹೊತ್ತಿನಲ್ಲಿ ಅದನ್ನು ದಾಟಿಬಿಡಬಹುದು. ಆಗ ಕರೆಂಟಿನ ಜೊತೆಗೇ ಯುಪಿಎಸ್ಸೂ ಕೈಕೊಡುತ್ತದೆ. ಈ ತಾಲ್ಲೂಕುಗಳಿರುವ ರಾಯಚೂರು ನಾಡಿಗೇ ಬೆಳಕು ಕೊಡುವ ಜಿಲ್ಲೆ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯವೇ 1,720 ಮೆಗಾವ್ಯಾಟ್. ಹಾಗಿದ್ದೂ ರೆಂಡರ್ ಕೊನೆಯ ಗಳಿಗೆಗೆ ಬಂದಾಗಲೇ ಕರೆಂಟು ಹೋಗುವುದೇಕೆಂಬುದು ಈ ಅಧ್ಯಯನದಲ್ಲಿ ಬಿಡಿಸಲಾಗದೆ ಉಳಿದ ತೊಡಕು.

ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮದುವೆಗಳೂ ಆಗಲೇ. ಪ್ರೊಸೆಸರಿನ ಒಳಗಿನ ಕಾವು 100 ಡಿಗ್ರಿಯ ಹತ್ತಿರ ಹೋದರೆ ಅದು ತಾನಾಗಿ ನಡಿಗೆ ನಿಧಾನಿಸುತ್ತದೆ. ತಗಡಿನ ಸೂರಿನ ಕೆಳಗೆ ದುಬಾರಿ ಐ9 ಐ5ರಂತೆ ನಡೆಯುವ ಪವಾಡಕ್ಕೆ ಇದೇ ಕಾರಣ. ಗಾಜಿನ ಬಾಗಿಲು ತೆಗೆದು ಜಾಲರಿ ಹಾಕಿ, ಸುಗ್ಗಿಯ ಹೊಟ್ಟಿನ ಧೂಳನ್ನು ಬ್ಲೋವರ್‌ನಿಂದ ಊದಿಸಿದರೆ ಅರ್ಧ ಅಪ್‌ಗ್ರೇಡ್ ಆದಂತೆ. ಖರ್ಚು ಒಂದು ಸೀನು.

ಅಧ್ಯಾಯ 4: ಅಶೋಕನ ಬ್ಯಾಕಪ್

ಬ್ರಾಹ್ಮಿಯನ್ನು 1837ರ ಹೊತ್ತಿಗೇ ಜೇಮ್ಸ್ ಪ್ರಿನ್ಸೆಪ್ ಓದಿ ಮುಗಿಸಿದ್ದರೂ ಅಶೋಕನ ಶಾಸನಗಳಲ್ಲಿ ಸಿಗುತ್ತಿದ್ದುದು ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳು ಮಾತ್ರ. 1915ರಲ್ಲಿ ಚಿನ್ನ ಹುಡುಕುತ್ತ ಮಸ್ಕಿಗೆ ಬಂದ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಂಡೆಯೊಂದು ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಶೋಕ ಎಂಬ ಹೆಸರು ಆತನದೇ ಶಾಸನವೊಂದರಲ್ಲಿ ಮೊದಲು ಸಿಕ್ಕಿದ್ದು ಅಲ್ಲಿಯೇ.

ಈ ಘಟನೆಯನ್ನು ಇತಿಹಾಸಕಾರರು ರಾಜಕೀಯವಾಗಿ ನೋಡಿದ್ದಾರೆ, ಸ್ಟೋರೇಜ್ ದೃಷ್ಟಿಯಿಂದ ನೋಡಿಲ್ಲ. ಅಶೋಕ ಒಂದೇ ಬಂಡೆಯನ್ನು ನಂಬಲಿಲ್ಲ. ಅದೇ ಮಾತನ್ನು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಕೆತ್ತಿಸಿದ. ಮಸ್ಕಿಯ ಪ್ರತಿಯಲ್ಲಿ ಅಕ್ಷರಗಳು ಅಲ್ಲಲ್ಲಿ ಹಾಳಾಗಿವೆ, ಆ ಜಾಗ ತುಂಬಿಕೊಳ್ಳಲು ವಿದ್ವಾಂಸರು ಉಳಿದ ಪ್ರತಿಗಳತ್ತ ಹೋದರು. ಉಳಿದ ಬಹುತೇಕ ಪ್ರತಿಗಳಲ್ಲಿ ಹೆಸರಿರಲಿಲ್ಲ, ಅದಕ್ಕೆ ಮಸ್ಕಿಗೆ ಬಂದರು. ಮುಂದೆ ತುಂಗಭದ್ರೆಯಾಚೆಯ ನಿಟ್ಟೂರು, ಉದೆಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಒಂದೇ ಪ್ರತಿ ಮಾಡಿಸಿದ್ದರೆ ಚಕ್ರವರ್ತಿಯೂ ಡಿಲೀಟ್ ಆಗುತ್ತಿದ್ದ.

ಈಗ ಸೂತ್ರಕ್ಕೆ ಮರಳೋಣ. ಮದುವೆ ಮೇ ತಿಂಗಳಲ್ಲಿ. ವಿಡಿಯೋ ಜೂನಿನಲ್ಲಿ ಸಿದ್ಧ. ಗಿರಾಕಿಯ ಉತ್ತರ: "ಅಣ್ಣಾ, ಭತ್ತ ಮಾರಿದ ಮ್ಯಾಲೆ ಬಂದು ಒಯ್ತೀವಿ, ಅಲ್ಲೀತನಕ ಜ್ವಾಪಾನ ಇಡ್ರಿ." ಭತ್ತ ನವೆಂಬರ್ ಇಲ್ಲವೇ ಡಿಸೆಂಬರಿಗೆ. ಬೆಲೆ ಬಿದ್ದರೆ ಮುಂದಿನ ವರ್ಷಕ್ಕೆ. ಕೆಲವರು ಬರುವುದು ಕೂಸನ್ನು ಎತ್ತಿಕೊಂಡೇ. ಎಡಿಟಿಂಗಿಗೆ ಹತ್ತು ದಿನವಾದರೆ ಕಾಯಲಿಕ್ಕೆ ವರುಷ. ಆದ್ದರಿಂದ ಈ ಸೀಮೆಯ ಎಡಿಟಿಂಗ್ ಕಂಪ್ಯೂಟರ್ ತನ್ನ ಆಯುಷ್ಯದ ಬಹುಭಾಗ ಮಾಡುವ ಕೆಲಸ ಕಾವಲು. ಓಟದ ಕುದುರೆಗೆ ಕೊಡುವ ರೊಕ್ಕವನ್ನು ಕಾವಲುಗಾರನಿಗೆ ಕೊಡತಕ್ಕದ್ದು. ಕಾವಲಿಗೆ ಎಸ್‌ಎಸ್‌ಡಿ ಆಗದು, ಕರೆಂಟಿಲ್ಲದೆ ಬಿಸಿ ಕೋಣೆಯಲ್ಲಿ ವರ್ಷಗಟ್ಟಲೆ ಬಿದ್ದರೆ ಅದಕ್ಕೆ ಮರೆವು ಹತ್ತಬಹುದು. ಹಳೆಯ ತಿರುಗುವ ಹಾರ್ಡ್‌ಡಿಸ್ಕೇ ವಾಸಿ. ಅದೂ ಎರಡು: ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ.

ಉಪಸಂಹಾರ

ಮೇಲಿನ ಚರ್ಚೆಯಿಂದ ಸಿದ್ಧವಾಗುವ ಖರೀದಿಯ ಕ್ರಮ ಇದು. ಮೊದಲು ಎರಡು ಹಾರ್ಡ್‌ಡಿಸ್ಕ್. ಆಮೇಲೆ ಒಳ್ಳೆಯ ಎಸ್‌ಎಂಪಿಎಸ್ ಮತ್ತು ನಿಜವಾದ ವ್ಯಾಟ್ ನೋಡಿ ತಂದ ಯುಪಿಎಸ್. ಮೂರನೆಯದಾಗಿ ಎಫ್ ಇಲ್ಲದ ಪ್ರೊಸೆಸರ್. ನಾಲ್ಕನೆಯದು ರ‍್ಯಾಮ್: 32 ಜಿಬಿ ಉತ್ತಮ, 16 ಮಧ್ಯಮ, 8 ಅಧಮ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು ಬೆಲೆ ಏರಿಸಿದ್ದರಿಂದ, ಸದ್ಯ 16 ಹಾಕಿ ಒಂದು ಜಾಗ ಖಾಲಿ ಬಿಡುವುದು ಶಾಸ್ತ್ರಸಮ್ಮತ. ಐದನೆಯದು ನಡೆಯುತ್ತಿರುವ ಕೆಲಸಕ್ಕೆ 1 ಟಿಬಿ ಎಸ್‌ಎಸ್‌ಡಿ. ಇಷ್ಟಾಗಿ ರೊಕ್ಕ ಮಿಕ್ಕರೆ ಗ್ರಾಫಿಕ್ಸ್ ಕಾರ್ಡು. ಅದಕ್ಕೂ ಮೀರಿ ಮಿಕ್ಕರೆ ಬಣ್ಣದ ದೀಪ, ಹೇಗೂ ಸಿಂಧನೂರು ಪಂಥದವರ ಮನಸ್ಸು ನೋಯಬಾರದು.

ಈ ಪ್ರಬಂಧದ ಮಿತಿಯನ್ನೂ ದಾಖಲಿಸಬೇಕು. ಕಾದಿಟ್ಟ ವಿಡಿಯೋವನ್ನು ಗಿರಾಕಿಗೆ ಒಪ್ಪಿಸಿ ಬಾಕಿ ವಸೂಲು ಮಾಡುವ ಬಗೆಯನ್ನು ಇಲ್ಲಿ ಚರ್ಚಿಸಿಲ್ಲ. ಅದು ಪ್ರತ್ಯೇಕ ಡಿ.ಲಿಟ್. ಬೇಡುವ ವಿಷಯ. ಮೂರೂ ತಾಲ್ಲೂಕುಗಳ ಎಡಿಟರುಗಳು ಆ ಕ್ಷೇತ್ರಕಾರ್ಯದಲ್ಲೇ ಓಡಾಡಿಕೊಂಡಿರುವುದರಿಂದ, ಮಾರ್ಗದರ್ಶಕರ ಕೊರತೆಯೇನೂ ಕಾಡದು.