ಕುದುರೆಯ ಐದನೆಯ ಕಾಲು

ಎತ್ತಿಗೆ ಲಾಳ ಬಡಿಯುವುದನ್ನು ನೋಡದವರು ನಮ್ಮ ಆಡೂರಿನಲ್ಲಿ ಯಾರೂ ಇರಲಿಕ್ಕಿಲ್ಲ. ಹಗ್ಗ ಹಾಕಿ ಕೆಡವುತ್ತಾರೆ, ನಾಲ್ಕೂ ಕಾಲು ಸೇರಿಸಿ ಬಿಗಿಯುತ್ತಾರೆ, ಒಬ್ಬ ತಲೆ ಒತ್ತಿ ಹಿಡಿಯುತ್ತಾನೆ. ಹೇಳಿಕೇಳಿ ದೀಪಾವಳಿಗೆ ಹೋರಿ ಬಿಡುವ ಸೀಮೆ. ಕೊಬ್ಬರಿ ಸರ ಕಟ್ಟಿಕೊಂಡು ನುಗ್ಗುವ ಹೋರಿಗೆ ಎದೆಗೊಡುವ ಊರಿನಲ್ಲಿ ಒಂದು ತಟ್ಟುಕುದುರೆಯ ಕಾಲು ಎತ್ತುವುದು ಏನು ಮಹಾ ಎಂದು ಹೆಂಡತಿಯೆದುರು ಧೋತರ ಮೇಲೆ ಕಟ್ಟಿದೆ.

ಕುದುರೆ ಅವಳ ತಮ್ಮನದು. ಮದುವೆ ಮೆರವಣಿಗೆಗೆಂದು ಕೊಂಡವನು, ಮಳೆಗಾಲದಲ್ಲಿ ಮದುವೆಯಿಲ್ಲ, ಅಕ್ಕನ ಹಿತ್ತಲಲ್ಲಿ ಹುಲ್ಲಿದೆ ಎಂಬ ನ್ಯಾಯದಿಂದ ನಮ್ಮಲ್ಲಿ ಕಟ್ಟಿ ಹೋಗಿದ್ದ. ಕುದುರೆಯ ಗೊರಸು ತಿಂಗಳಿಗೆ ಅರ್ಧದಿಂದ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಕತ್ತರಿಸಿ ಅರ ಹಾಕಬೇಕು. ಲಾಳದವನನ್ನು ಕರೆಸಿದೆವು.

“ಎತ್ತಿನಂಗ ಇದನ್ನ ಕೆಡವಾಕ ಬರಂಗಿಲ್ರೀ ಮಾಸ್ತರ. ನಿಂತಲ್ಲೇ ಒಂದೊಂದ ಕಾಲ ಎತ್ತಬೇಕು. ಯಾರರ ಹಿಡೀರಿ.”

‘ಯಾರಾದರೂ’ ಎಂದರೆ ಯಾರೆಂಬುದು ನಮ್ಮ ಮನೆಯ ಗ್ಯಾಸ್ ಸಿಲಿಂಡರಿಗೂ ಗೊತ್ತು.

ಈ ಸೀಮೆಯ ವೀರಗಲ್ಲುಗಳಲ್ಲಿ ಕುದುರೆ ಇದೆ, ಮೇಲೆ ಸವಾರನಿದ್ದಾನೆ. ಸವಣೂರಿನ ನವಾಬರ ಸವಾರಿಯ ಕಥೆಯೂ ಕೇಳಿದ್ದೇನೆ. ಅವರ ಕುದುರೆಯ ಕಾಲು ಹಿಡಿದು ನಿಂತವನನ್ನು ಮಾತ್ರ ಯಾರೂ ಕೆತ್ತಿಲ್ಲ, ಬರೆದಿಲ್ಲ. ಕಾರಣ ಅಂದು ತಿಳಿಯಿತು.

ಜೀವದಾಸೆಗೆ ಮಾರು ದೂರ ನಿಂತು ಕೈ ಚಾಚಿದೆ.

“ದೂರ ನಿಂತ್ರ ಒದಿಯಾಕ ಜಾಗಾ ಕೊಟ್ಟಂಗ ಆತ್ರೀ! ಮೈಗೆ ಹತ್ತಿ ನಿಂದರ್ರಿ,” ಎಂದಳು ಎಮ್ಮೆ ಹಿಂಡುವ ನನ್ನ ಹೆಂಡತಿ.

ಹತ್ತಿ ನಿಂತೆ. ಬಾಲದ ಕಡೆ ಮುಖ ಮಾಡಿ, ಭುಜದಿಂದ ಕೈ ಇಳಿಸುತ್ತ ಮುಂಗಾಲು ಮಡಚಿ ನನ್ನ ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡೆ. ಕುದುರೆಯ ಮೈಭಾರದ ಹೆಚ್ಚು ಪಾಲು ಮುಂಗಾಲಿನ ಮೇಲೆಯೇ. ಇದೋ, ನಿಂತಲ್ಲೇ ನಿದ್ದೆ ಮಾಡುವ ಜಾತಿ. ಆಸರೆ ಸಿಕ್ಕಿತೆಂದು ಭಾರವನ್ನೆಲ್ಲ ನಿಧಾನವಾಗಿ ನನಗೆ ವಹಿಸಿಕೊಟ್ಟು ಕಣ್ಣು ಅರೆಮುಚ್ಚಿತು. ಗೊರಸಿನ ಸಂದಿಯಿಂದ ಕೊಳೆತ ಕೆಸರಿನ ನಾತ. ಉದುರಿದ ಗೊರಸಿನ ಚೂರಿಗಾಗಿ ನಮ್ಮೋಣಿಯ ನಾಯಿಗಳು ಆಗಲೇ ಪಂಕ್ತಿಗೆ ಕೂತಿದ್ದವು.

“ಮಗ್ಗಲಕ್ಕ ಜಗ್ಗಬ್ಯಾಡ್ರಿ, ಭಾಳ ಮ್ಯಾಲ ಎತ್ತಬ್ಯಾಡ್ರಿ, ಅದರ ಕೀಲು ನೋಯ್ತಾವು!” ಎಂದ ಲಾಳದವ. ನನ್ನ ಕೀಲುಗಳ ವಿಚಾರ ಸಭೆಯಲ್ಲಿ ಬರಲಿಲ್ಲ.

ಕೊನೆಗೆ ಅವಳೇ ಸೆರಗು ಸಿಕ್ಕಿಸಿ ಬಂದಳು. ಹಿಂಗಾಲನ್ನು ನೇರ ಹಿಂದಕ್ಕೆ, ತಗ್ಗಿನಲ್ಲೇ ಹಿಡಿದು ತೊಡೆಯ ಮೇಲಿಟ್ಟುಕೊಂಡಳು. ಅದು ವಾಲಿತೆಂದರೆ ಕಾಲನ್ನು ಸ್ವಲ್ಪ ಕೆಳಗಿಳಿಸುವಳು. ಬೀಳುವ ಭಯಕ್ಕೆ ಕುದುರೆ ತಾನೇ ನೆಟ್ಟಗೆ ನಿಲ್ಲುವುದು. ನನ್ನನ್ನೂ ಮೂವತ್ತು ವರ್ಷ ಹೀಗೇ ನಿಲ್ಲಿಸಿದ್ದಾಳೆಂದು ಹೊಳೆದರೂ ಬಾಯಿ ಬಿಡಲಿಲ್ಲ. ನನಗೆ ಮೂಗುದಾರದ ಕಡೆ ಬಡ್ತಿ ಸಿಕ್ಕಿತ್ತು. ಕುದುರೆಗೆ ಮೂಗುದಾರವಿಲ್ಲ, ಹಿಡಿದದ್ದು ಬಾಯಿಹಗ್ಗ ಎಂದು ಲಾಳದವ ತಿದ್ದಿದ.

ಕೆಲಸ ಮುಗಿದ ಮೇಲೆ ಅವನು ಕೂತು ನಾಲ್ಕೂ ಗೊರಸು ನೋಡಿದ. “ಅಕ್ಕಾರ, ಮಾಸ್ತರ ಹಿಡಿದಿದ್ದ ಕಾಲು ವಾರಿ ಆಗೇತಿ. ಇನ್ನೊಮ್ಮೆ ಎತ್ತಬೇಕ್ರೀ.”

ನಾನು ಹೆಗಲ ಮೇಲಿದ್ದ ಟವೆಲ್ ಹುಡುಕುವ ನೆಪದಲ್ಲಿ ಅತ್ತ ಸರಿದೆ. ಟವೆಲ್ಲಿನ ಅರ್ಧ ಕುದುರೆಯ ಬಾಯಲ್ಲೇ ಇದ್ದುದರಿಂದ ನೆಪ ಬಹಳ ಹೊತ್ತು ಬಾಳಲಿಲ್ಲ.